ಸೊಟ್ಟ ಬಾಯಿಯ ಹಂಡೆ

ಕಾರಾಂಗ್‌ಜಾತಿ ಎಂಬ ಊರಿನಲ್ಲಿ ಮದುವೆ ಮಾಡುವವರು ಮೊದಲು ಗಂಡು ಹುಡುಕುವುದಿಲ್ಲ, ಸರಿಂತೆನ್ ಊರಲ್ಲಿದ್ದಾಳೋ ಇಲ್ಲವೋ ವಿಚಾರಿಸುತ್ತಾರೆ ಎಂದು ಚಹಾದಂಗಡಿಯ ಗಂಡಸರು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮುನ್ನೂರು ಜನರಿಗೆ ಅನ್ನ ಬೇಯಿಸಬೇಕೆಂದರೆ ಸರಿಂತೆನ್ ಬೇಕು, ಅವಳ ತಾಮ್ರದ ಹಬೆ ಹಂಡೆ ಬೇಕು. ಅಜ್ಜಿಯ ಕಾಲದ ಹಂಡೆ ಅದು. ಸೊಂಟದಲ್ಲಿ ಸಣ್ಣಗಾಗಿ, ಬಾಯಲ್ಲಿ ಅಗಲವಾಗಿತ್ತು. ಚೂಪು ತಳದ ಬಿದಿರಿನ ಕುಕ್ಕೆಗೆ ಅಕ್ಕಿ ತುಂಬಿ, ನೀರು ಕುದಿಯುವ ಅದರ ಬಾಯಿಗೆ ಕೂರಿಸಿದರೆ ಒಂದು ಸಲಕ್ಕೆ ನಲವತ್ತು ಜನರ ಅನ್ನ ಬೇಯುತ್ತಿತ್ತು. ಅದರ ಮುಂದೆ ಮೊಳದೆತ್ತರವೂ ಇಲ್ಲದ ಮಣೆ ಹಾಕಿಕೊಂಡು, ಸೊಂಟಕ್ಕೆ ಸುತ್ತಿದ ಸರೋಂಗನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಸರಿಂತೆನ್ ಕೂತಳೆಂದರೆ ಅಡುಗೆಮನೆಯ ಅರ್ಧ ಗದ್ದಲ ಅವಳದೇ. ಬೈಗುಳ, ನಗು, ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬ ಸಮಾಚಾರ, ನಡುನಡುವೆ ಬೆಂಕಿಗೆ ಒಂದೊಂದು ಕೊಳ್ಳಿ.

ನಮ್ಮ ಕಡೆ ಮದುವೆಯ ಅಡುಗೆ ಕೆಲಸಕ್ಕೆ ಚೀಟಿ ಕಳಿಸಿ ಯಾರನ್ನೂ ಕರೆಯುವುದಿಲ್ಲ. ಮನೆಯೊಡತಿ ತಾನೇ ನಡೆದು ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ. ಕೋಳಿಯ ವಿಷಯ, ಮಳೆಯ ವಿಷಯ, ಸೊಂಟನೋವಿನ ವಿಷಯ ಎಲ್ಲ ಮುಗಿದು ಎದ್ದು ಹೊರಡುವಾಗ, ಏನೋ ಮರೆತದ್ದು ನೆನಪಾದವಳಂತೆ, "ಬುಧವಾರ ಒಲೆ ಹಚ್ತೀನಿ" ಎನ್ನುತ್ತಾಳೆ. ಕರೆದದ್ದು ಅಷ್ಟೇ. ಅಷ್ಟು ಹೇಳಿದ ಮೇಲೆ ಇಲ್ಲ ಎನ್ನುವ ಪದ್ಧತಿ ಇಲ್ಲ. ಆದ್ದರಿಂದಲೇ ಮುದುಕರಿರುವ, ಕಾಯಿಲೆಯವರಿರುವ, ಸಾವಾದ ಮನೆಗಳ ಹೊಸ್ತಿಲಿಗೆ ಯಾರೂ ಹೋಗುವುದಿಲ್ಲ. ಕರೆದು ಅವರನ್ನು ಕಷ್ಟಕ್ಕೆ ಸಿಕ್ಕಿಸಬಾರದು. ಅಂಥವರಿಗೆ ಮದುವೆಯ ದಿನ ಸಂಜೆ ಬುಟ್ಟಿಯಲ್ಲಿ ಅನ್ನ, ಮಾಂಸ, ಹಲಸಿನ ಪಲ್ಯ, ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ ಹೋಗುತ್ತದೆ.

ಎರಡು ವರ್ಷದಿಂದ ಸರಿಂತೆನ್ ಮನೆಗೆ ಬುಟ್ಟಿ ಬರುತ್ತಿತ್ತು.

ಪಕ್ಕದೂರಿನ ಮದುವೆ ಮುಗಿಸಿ, ಹಂಡೆಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಕೆಸರಿನಲ್ಲಿ ಗಾಡಿ ಜಾರಿತು. ಎದುರಿಗೆ ಕಬ್ಬಿನ ಲಾರಿ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಬಲಗಾಲು ಮೊಣಕಾಲಿನ ಮೇಲಿನಿಂದ ಇರಲಿಲ್ಲ. ಹಂಡೆಗೆ ಬಾಯಿಯ ಅಂಚಿನಲ್ಲಿ ಒಂದು ಕಡೆ ಸೊಟ್ಟವಾದದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಮೊದಮೊದಲು ಹೆಂಗಸರೆಲ್ಲ ಸಾಲುಗಟ್ಟಿ ಬಂದರು. ಸಕ್ಕರೆ ತಂದರು, ಚಹಾಪುಡಿ ತಂದರು. ತಲೆ ಓರೆ ಮಾಡಿಕೊಂಡು, ಮಲಗಿದ ಕೂಸಿನ ಮುಂದೆ ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದರು. ಬೈದರೆ ತಿರುಗಿ ಬೈಯುತ್ತಿದ್ದ ಅದೇ ಹೆಂಗಸರು! ಸರಿಂತೆನ್‌ಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಯಾರಾದರೂ ಅಂಗಳಕ್ಕೆ ಬಂದ ಸದ್ದಾದರೆ ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳಂತೆ ಮಲಗತೊಡಗಿದಳು. ಪಾಪ, ದಣಿದಿದ್ದಾಳೆ ಎಂದುಕೊಂಡು ಅವರು ಕಾಲ ತುದಿಯಲ್ಲಿ ನಡೆದು ವಾಪಸು ಹೋದರು. ಬರಬರುತ್ತಾ ಬರುವುದು ಕಡಿಮೆಯಾಯಿತು. "ನೋಡಿದ್ಯಾ, ಎಲ್ಲಾ ಮರೆತ್ರು. ಕಾಲಿದ್ದಾಗ ಬೇಕಿದ್ದೆ" ಎಂದು ಗಂಡನ ಮುಂದೆ ಅತ್ತಳು. ನಿಜ ಹೇಳಬೇಕೆಂದರೆ ಬಾಗಿಲು ಮೊದಲು ಮುಚ್ಚಿದವಳು ಅವಳೇ. ಆದರೆ ಒಳಗೆ ಕೂತವರಿಗೆ ಅದು ಹಾಗೆ ಕಾಣುವುದಿಲ್ಲ.

ಗಂಡ ಮರ್ಸುದಿ ಇಟ್ಟಿಗೆ ಸುಡುವವನು. ಮಾತು ಬಹಳ ಕಡಿಮೆ. ಹೆಂಡತಿಗೆ ಮರದ ಎರಡು ಊರುಗೋಲು ಮಾಡಿಕೊಟ್ಟ. ಅವಳು ಅವುಗಳನ್ನು ಬಾಗಿಲ ಹಿಂದೆ ನಿಲ್ಲಿಸಿದಳು. ಮನೆಯೊಳಗೆ ಎರಡು ಕೈ ಊರಿ ಕುಂಡಿಯ ಮೇಲೆ ತೆವಳಿಕೊಂಡೇ ಓಡಾಡುತ್ತಿದ್ದಳು. ಅದನ್ನು ನೋಡಿದವನು ಮರ್ಸುದಿ ಒಬ್ಬನೇ. ಯಾರಾದರೂ ಬಂದರೆ ಎಲ್ಲಿ ಕೂತಿದ್ದಳೋ ಅಲ್ಲಿಯೇ ಕಲ್ಲಿನಂತೆ ಕೂತುಬಿಡುತ್ತಿದ್ದಳು. ನೀರು ಬೇಕೆನಿಸಿದರೂ ಬಂದವರು ಹೋಗುವವರೆಗೆ ಕಾಯುತ್ತಿದ್ದಳು. ತಾನು ನೆಲದ ಮೇಲೆ ತೆವಳುವುದನ್ನು ಊರಿನ ಹೆಂಗಸರು ಕಂಡರೆ ಸತ್ತೇ ಹೋಗುತ್ತೇನೆ ಎಂದು ಅವಳಿಗೆ ಖಂಡಿತವಾಗಿ ಅನಿಸಿಬಿಟ್ಟಿತ್ತು.

ಅವಳನ್ನು ಕರೆಯದಿದ್ದರೂ ಅವಳ ಹಂಡೆಯನ್ನು ಮಾತ್ರ ಊರವರು ಬಿಡಲಿಲ್ಲ. ಮದುವೆ ಬಂತೆಂದರೆ ಯಾರಾದರೂ ಬಂದು ಮರ್ಸುದಿಯನ್ನು ಕೇಳಿ ಒಯ್ಯುತ್ತಿದ್ದರು. ಇದು ಸರಿಂತೆನ್‌ಗೆ ಎದೆಯಲ್ಲಿ ಮುಳ್ಳು ಮುರಿದ ಹಾಗಾಗುತ್ತಿತ್ತು. ಮೊದಲ ಸಲ ಬುಟ್ಟಿಯ ಅನ್ನ ಬಂದಾಗ ಒಂದು ತುತ್ತು ಬಾಯಿಗಿಟ್ಟಳು. ಅರ್ಧ ಬೆಂದಿದೆ, ಅರ್ಧ ನುಚ್ಚಿನ ಹಾಗೆ ಹಲ್ಲಿಗೆ ಸಿಗುತ್ತಿದೆ. ಮರುದಿನ ಹಂಡೆ ವಾಪಸು ಬಂದಾಗ ಸೊಟ್ಟಗಾದ ಅಂಚಿನಲ್ಲಿ ಗಂಜಿ ಒಣಗಿದ ಗೆರೆಗಳನ್ನು ನೋಡಿದೊಡನೆ ಅವಳಿಗೆ ಅರ್ಥವಾಯಿತು. ಕುಕ್ಕೆ ಅಲ್ಲಿ ಸರಿಯಾಗಿ ಕೂರುತ್ತಿಲ್ಲ, ಹಬೆಯೆಲ್ಲ ಆ ಸಂದಿನಿಂದ ಹೊರಗೆ ಹೋಗುತ್ತಿದೆ. ಅಕ್ಕಿ ಹಿಟ್ಟಿನ ಕಣಕ ಮೆತ್ತಿ, ಮೇಲೆ ಒದ್ದೆ ಬಟ್ಟೆ ಬಿಗಿದರೆ ಮುಗಿಯಿತು. ಹೇಳಿಕಳಿಸಿದರೆ ಆಗುತ್ತಿತ್ತು. ಅವಳು ಹೇಳಲಿಲ್ಲ. ಆ ಅರೆಬೆಂದ ಅನ್ನವನ್ನು ಅವಳು ತಿಂಗಳುಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ತಿಂದಳು. ನಾನಿಲ್ಲದೆ ನೀವು ತಿನ್ನುವುದು ಇದನ್ನೇ ಎಂದುಕೊಂಡಳು. ಎರಡನೆಯ ಮದುವೆಗೂ ಹೇಳಲಿಲ್ಲ, ಮೂರನೆಯದಕ್ಕೂ ಇಲ್ಲ.

ಹಾಗಿರುವಾಗ ಪಕ್ಕದ ಮನೆಯ ತುಮಿರಾಳ ಮಗಳಿಗೆ ಮದುವೆ ಗೊತ್ತಾಯಿತು. ತುಮಿರಾ ಬೇರೆಯವರ ಹಾಗಲ್ಲ. ಇಪ್ಪತ್ತು ವರ್ಷ ಇಬ್ಬರೂ ಒಂದೇ ಬಾವಿಯಲ್ಲಿ ನೀರು ಸೇದಿದವರು. ಅವಳ ಮಗಳು ಪುರ್ವಂತಿ ಅಂಬೆಗಾಲಿಡುವಾಗ ಸರಿಂತೆನ್ ಹಂಡೆಯಿಂದ ಚಿಟಿಕೆ ಬಿಸಿ ಅನ್ನ ತೆಗೆದು, ಉಪ್ಪು ಸವರಿ, ಉಂಡೆ ಕಟ್ಟಿ ಬಾಯಿಗಿಟ್ಟರೆ ಮಾತ್ರ ತಿನ್ನುತ್ತಿದ್ದ ಹಟಮಾರಿ.

ತುಮಿರಾ ಬಂದು ಹೊಸ್ತಿಲ ಮೇಲೆ ಕೂತಾಗ ಸರಿಂತೆನ್‌ಳ ಮುಖ ಗೋಡೆಯ ಕಡೆ ತಿರುಗಲಿಲ್ಲ.

"ಹೇಗಿದ್ದೀಯ ಯೂ?" ಎಂದಳು ತುಮಿರಾ. ಅಕ್ಕನಿಗೆ ನಮ್ಮಲ್ಲಿ ಹಾಗೇ ಎನ್ನುವುದು.

"ಇದ್ದೀನಿ, ಇನ್ನೂ ಹೋಗಿಲ್ಲ."

"ನಿನ್ನ ಕಪ್ಪು ಕೋಳಿ ಮೊಟ್ಟೆ ಇಡ್ತಾ?"

"ಇಡ್ತಾ ಇದೆ. ಅದಕ್ಕೇನು, ಎರಡು ಕಾಲಿದೆ."

ತುಮಿರಾ ನಗಬೇಕೋ ಬೇಡವೋ ತಿಳಿಯದೆ ನೆಲ ನೋಡಿದಳು. ಮಳೆಯ ವಿಷಯ ಬಂತು, ಹೋಯಿತು. ಸೊಂಟನೋವೂ ಆಯಿತು. ತುಮಿರಾ ಎದ್ದು ನಿಂತಳು. ಈಗ ಹೇಳುತ್ತಾಳೆ, ಬುಧವಾರ ಒಲೆ ಹಚ್ಚುತ್ತೇನೆ ಎನ್ನುತ್ತಾಳೆ, ಇವಳಾದರೂ ಹೇಳುತ್ತಾಳೆ ಎಂದು ಸರಿಂತೆನ್ ಕಾದಳು.

"ಯೂ... ನಿನ್ನ ಹಂಡೆ ಬೇಕಿತ್ತು."

ಎರಡು ವರ್ಷದ್ದೆಲ್ಲ ಒಟ್ಟಿಗೆ ಬಂತು. "ಹಂಡೆ! ಹಂಡೆ ಒಂದಿದ್ರೆ ಸಾಕು, ಅಲ್ವಾ? ಅದಕ್ಕಾದ್ರೂ ನಡೆಯೋಕೆ ಬರುತ್ತಾ? ಅದನ್ನ ಮಾತ್ರ ಹೊತ್ಕೊಂಡು ಹೋಗ್ತೀರಾ? ಹಂಡೆ ಬೇಕಾದ್ರೆ ಜೊತೇಲಿ ನನ್ನನ್ನೂ ಹೊತ್ಕೊಂಡ್ ಹೋಗಿ, ಇಲ್ಲಾಂದ್ರೆ ಎರಡೂ ಇಲ್ಲೇ ಬಿದ್ದಿರ್ತೀವಿ!"

ದನಿ ಏರಿಸಿ ಮಾತಾಡುವುದು ನಮ್ಮಲ್ಲಿ ದೊಡ್ಡ ಸಂಗತಿ. ಕೋಳಿಗಳು ಕೂಡ ಕೆದಕುವುದನ್ನು ನಿಲ್ಲಿಸಿದವು. ತುಮಿರಾಳ ಮುಖ ಕೆಂಪಾಯಿತು, ಬಿಳಿಚಿತು, ಮತ್ತೆ ಕೆಂಪಾಯಿತು. ಆಮೇಲೆ ಬಹಳ ಮೆಲ್ಲಗೆ, "ಆಗ್ಲಿ ಯೂ. ಬುಧವಾರ ಒಲೆ ಹಚ್ತೀನಿ" ಎಂದು ಹೇಳಿ ಸರಸರನೆ ಹೊರಟುಹೋದಳು.

ಅಂಗಳದಲ್ಲಿದ್ದ ಮರ್ಸುದಿ ಏನೂ ಕೇಳಿಸದವನಂತೆ ಎದ್ದು, ಇಟ್ಟಿಗೆ ಸಾಗಿಸುವ ತಳ್ಳುಗಾಡಿಯನ್ನು ಬಾವಿಯ ಹತ್ತಿರ ಎಳೆದುಕೊಂಡು ಹೋಗಿ ತೊಳೆಯತೊಡಗಿದ.

"ಪಾಕೆ! ಏನ್ ಮಾಡ್ತಿದ್ದೀಯ? ನಾನು ಕೋಪಕ್ಕೆ ಅಂದಿದ್ದು" ಎಂದಳು ಸರಿಂತೆನ್. ಗಂಡನಿಗೆ ಪಾಕೆ, ಹೆಂಡತಿಗೆ ಬೂನೆ, ನಮ್ಮಲ್ಲಿ ಹಾಗೇ ಕರೆಯುವುದು.

"ಅಂದಿದ್ದಾಯ್ತಲ್ಲ, ಬೂನೆ" ಎಂದ ಅವನು.

ನಾಲ್ಕು ದಿನ ಸರಿಂತೆನ್ ಜ್ವರ ಬರಲೆಂದು ಕಾದಳು. ಬರಲಿಲ್ಲ. ಬುಧವಾರ ಬೆಳಿಗ್ಗೆ ಮರ್ಸುದಿ ಅವಳನ್ನು ಎತ್ತಿ ಗಾಡಿಯಲ್ಲಿ ಗೋಣಿಯ ಮೇಲೆ ಕೂರಿಸಿದ, ಹಂಡೆಯನ್ನು ತೊಡೆಯ ಮೇಲೂ ಬಾಗಿಲ ಹಿಂದಿನ ಊರುಗೋಲುಗಳನ್ನು ಪಕ್ಕದಲ್ಲೂ ಇಟ್ಟ. ಹೋಗುವುದು ಪಕ್ಕದ ಮನೆಗೇ ಆದರೂ ನಡುವೆ ಗದ್ದೆಯಿದ್ದುದರಿಂದ ರಸ್ತೆ ಸುತ್ತಿಕೊಂಡೇ ಹೋಗಬೇಕು, ಅದೂ ಚಹಾದಂಗಡಿಯ ಮುಂದೆಯೇ.

"ಮರ್ಸುದಿ, ಇವತ್ತು ಯಾವ ಮಾಲಪ್ಪಾ?" ಎಂದು ಅಲ್ಲಿಂದ ಯಾರೋ ಕೂಗಿದರು.

ಮರ್ಸುದಿ ಗಾಡಿ ನಿಲ್ಲಿಸಲಿಲ್ಲ. "ಹಳೇ ಮಾಲು. ಎರಡೂ ಸ್ವಲ್ಪ ಜಖಂ ಆಗಿದೆ."

ಸರಿಂತೆನ್ ಹೆಗಲ ವಸ್ತ್ರದ ತುದಿಯಿಂದ, ಮುಂದೆ ಗಾಡಿ ಎಳೆಯುತ್ತಿದ್ದ ಅವನ ಬೆನ್ನಿಗೆ ಹೊಡೆದಳು. ಆದರೆ ಹೊಡೆಯುವಾಗ ಅವಳಿಗೆ ನಗು ಬಂದುಬಿಟ್ಟಿತ್ತು. ಅದನ್ನು ಹಂಡೆಯ ಹಿಂದೆ ಅಡಗಿಸಿದಳು.

ತುಮಿರಾಳ ಹಿತ್ತಲಲ್ಲಿ ತಾಡಪಾಲು ಕಟ್ಟಿ ಅಡುಗೆಗೆ ಜಾಗ ಮಾಡಿದ್ದರು. ಮೂವತ್ತು ಹೆಂಗಸರಿದ್ದರು. ಸರಿಂತೆನ್ ಬಂದೊಡನೆ ಎಲ್ಲರೂ ಎದ್ದು ಒಬ್ಬೊಬ್ಬರಾಗಿ ಬಂದು ಎರಡೂ ಕೈಯಿಂದ ಅವಳ ಕೈ ಮುಟ್ಟಿ ನಮಸ್ಕರಿಸಿದರು. ನೆರಳಿನಲ್ಲಿ ದಿಂಬು ಹಾಕಿದ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಊರುಗೋಲುಗಳನ್ನು ಜೋಪಾನವಾಗಿ ದೂರದ ಕಂಬಕ್ಕೆ ಒರಗಿಸಿದರು. ಸಿಹಿ ಚಹಾ ಬಂತು, ತಟ್ಟೆಯಲ್ಲಿ ಬೆಲ್ಲದ ಜಿಗುಟನ್ನದ ಮಿಠಾಯಿ ಬಂತು. ಕೆಲಸಕ್ಕೆ ಬಂದವರಿಗೆ ಯಾರೂ ಚಹಾ ತಂದುಕೊಡುವುದಿಲ್ಲ, ಅವರೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ತಂದುಕೊಡುವುದು ನೆಂಟರಿಗೆ. ಸರಿಂತೆನ್ ಆ ಲೋಟವನ್ನು ನೋಡುತ್ತಾ ಕೂತಳು.

"ಈರುಳ್ಳಿ ಕೊಡ್ರೇ, ಸುಲೀತೀನಿ."

"ಬೇಡ ಬೂದೆ, ಕಣ್ಣುರಿ ಬರುತ್ತೆ" ಎಂದಿತು ಒಂದು ಎಳೆಯ ದನಿ. ಬೂದೆ ಎಂದರೆ ದೊಡ್ಡಮ್ಮ. ಹೋಗಿರುವುದು ಕಾಲು ಕಣೇ, ಕಣ್ಣಲ್ಲ ಎನ್ನಬೇಕೆಂದುಕೊಂಡಳು, ಎನ್ನದೆ ಲೋಟ ಎತ್ತಿ ಚಹಾ ಕುಡಿದಳು. ಮನೆಯಲ್ಲಿ ಒಂಟಿಯಾಗಿದ್ದಾಗಲೂ ಇಷ್ಟು ಒಂಟಿಯೆನಿಸಿರಲಿಲ್ಲ. ಮರ್ಸುದಿ ಗಾಡಿ ತೆಗೆದುಕೊಂಡು ಇಟ್ಟಿಗೆ ಗೂಡಿಗೆ ಹೋಗಿಬಿಟ್ಟಿದ್ದ, ಸಂಜೆಯವರೆಗೆ ಬರುವುದಿಲ್ಲ.

ಅವಳ ಜಾಗದಲ್ಲಿ, ಹಂಡೆಯ ಮುಂದೆ ಜೆಮಿಯೆಮ್ ಕೂತಿದ್ದಳು. ಜೆಮಿಯೆಮ್ ಅವಳ ಓರಗೆಯವಳು, ಊರಿನಲ್ಲಿ ಸರಿಂತೆನ್‌ಳ ನಾಲಿಗೆಗೆ ಸಮನಾದ ನಾಲಿಗೆ ಅದೊಂದೇ. ಕುಕ್ಕೆ ಕೂರಿಸಿ ಒಂದು ಗಂಟೆಯಾಯಿತು. ಸೊಟ್ಟ ಬಾಯಿಯ ಕಡೆಯಿಂದ ಹಬೆ ಬುಸುಬುಸು ಹೋಗುತ್ತಿರುವುದು ಕುರ್ಚಿಯಿಂದಲೇ ಕಾಣುತ್ತಿತ್ತು. ಜೆಮಿಯೆಮ್ ಒಂದು ಅಗುಳು ಹಿಸುಕಿ ನೋಡಿ ತಲೆಯಾಡಿಸಿದಳು.

"ಅಕ್ಕಿ ಮುನಿಸಿಕೊಂಡಿದೆ" ಎಂದಳು ಗಟ್ಟಿಯಾಗಿ. ಯಾರೋ ಓಡಿಹೋಗಿ ಒಲೆಯ ಪಕ್ಕ ಹೂವು, ಒಂದು ಮೊಟ್ಟೆ ಇಟ್ಟು ಕೈಮುಗಿದರು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಗಂಡಿನ ಕಡೆಯವರು ಬರುವವರಿದ್ದರು.

ಮೂರು ಮದುವೆಯಲ್ಲಿ ಸರಿಂತೆನ್‌ಗೆ ರುಚಿಯೆನಿಸಿದ್ದ ಸೇಡು ಈಗ ಬಾಯಲ್ಲಿ ಕಹಿಯಾಯಿತು. ಇದು ಪುರ್ವಂತಿಯ ಮದುವೆ. ಬೀಗರ ಮುಂದೆ ಹುಡುಗಿಯ ಮನೆಯ ಅನ್ನ ಹಲ್ಲಿಗೆ ಸಿಕ್ಕರೆ ಅವಳು ಸಾಯುವವರೆಗೆ ಆ ಮಾತು ಕೇಳಬೇಕು. "ಏಯ್, ಆ ಕಡೆ ಹಬೆ ಹೋಗ್ತಿದೆ!" ಎಂದು ಕೂಗಿದಳು. ಧ್ವನಿವರ್ಧಕದ ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು. ಎಳೆಯ ದನಿಯವಳು ಓಡಿಬಂದಳು.

"ಇನ್ನೂ ಚಹಾ ಬೇಕಾ ಬೂದೆ?"

ಇದ್ದಕ್ಕಿದ್ದಂತೆ ಸರಿಂತೆನ್‌ಗೆ ತನ್ನ ಮೇಲಿನ ಮರುಕವೆಲ್ಲ ಹೋಗಿ ಬರೀ ಕೋಪ ಉಳಿಯಿತು. ಎರಡೂ ಕೈಯಿಂದ ಕುರ್ಚಿಯ ಹಿಡಿಗಳನ್ನು ಹಿಡಿದು ನೆಲಕ್ಕೆ ಇಳಿದಳು.

ಕುರ್ಚಿಗೂ ಒಲೆಗೂ ನಡುವೆ ನಾಲ್ಕು ಮಾರು. ಚೆಲ್ಲಿದ ನೀರು, ಬಾಳೆ ದಿಂಡಿನ ಚೂರು, ತೆಂಗಿನ ನಾರು, ಮೀನಿನ ಪೊರೆ. ಕೈ ಊರಿದಳು, ಮೈ ಎಳೆದಳು, ಮತ್ತೆ ಕೈ ಊರಿದಳು. ಸರೋಂಗು ಸರಿದು ಮೊಂಡುಗಾಲು ಎಲ್ಲರ ಕಣ್ಣಿಗೂ ಬಿತ್ತು. ಕೊಚ್ಚುವ ಕತ್ತಿಗಳು ಒಂದೊಂದಾಗಿ ನಿಂತವು. ಇಬ್ಬರು ಓಡಿಬಂದು ಅವಳ ತೋಳಿಗೆ ಕೈ ಹಾಕಿದರು.

"ಬಿಡ್ರೇ! ಮುಟ್ಟಿದ್ರೆ ಕೈ ಮುರೀತೀನಿ. ಅಕ್ಕಿ ಹಿಟ್ಟು ತನ್ನಿ. ಒದ್ದೆ ಬಟ್ಟೆ ತನ್ನಿ. ನಿಂತ್ಕೊಂಡು ಏನು ನೋಡ್ತೀರಾ, ಮಂಗ ಬಂದಿದ್ಯಾ?"

ಎರಡು ವರ್ಷದ ಹಿಂದಿನ ದನಿ ಅದು. ಹೆಂಗಸರು ಚೆದುರಿ ಓಡಿದರು. ಒಲೆಯ ಹತ್ತಿರ ಬಂದು ಸರಿಂತೆನ್ ಸೊಂಟದಿಂದಲೇ ನೂಕಿದಳು. "ಸರಿ ಆಚೆ, ಯೆಮ್." ಜೆಮಿಯೆಮ್ ಸರಿದಳು. ಸರಿಂತೆನ್ ಹಿಟ್ಟು ನಾದಿ ಸೊಟ್ಟ ಅಂಚಿಗೆ ಮೆತ್ತಿದಳು, ಒದ್ದೆ ಬಟ್ಟೆಯನ್ನು ಸುತ್ತಿ ಬಿಗಿದಳು. ಬುಸುಗುಟ್ಟುವುದು ನಿಂತಿತು. ಹಬೆ ನೆಟ್ಟಗೆ ಅಕ್ಕಿಯ ಮೂಲಕ ಮೇಲಕ್ಕೇಳತೊಡಗಿತು.

ಆಮೇಲೆ ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು. "ಸೊಟ್ಟದಲ್ಲಿ ಹಬೆ ಹೋಗುತ್ತೆ. ಮೊದಲನೇ ಮದುವೆಯಿಂದ್ಲೇ ನನಗೆ ಗೊತ್ತಿತ್ತು. ಬೇಕು ಅಂತಾನೇ ಹೇಳ್ಲಿಲ್ಲ."

ಹಾಡು ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ.

"ನಮಗೂ ಗೊತ್ತಿತ್ತು" ಎಂದಳು ಜೆಮಿಯೆಮ್.

"ಏನು ಗೊತ್ತಿತ್ತು?"

"ಸೊಟ್ಟ ಆಗಿರೋದು. ನಮಗೇನು ಕಣ್ಣಿಲ್ವಾ ತೆನ್? ಹಬೆ ಹೋಗೋದು ಗೊತ್ತಿತ್ತು. ಮೆತ್ತೋ ಉಪಾಯ ಗೊತ್ತಿರಲಿಲ್ಲ. ನಿನ್ನನ್ನ ಕೇಳೋಣ ಅಂದ್ರೆ, ಆ ಸೊಟ್ಟದ ಮಾತೆತ್ತಿದ್ರೆ ನಿನಗೆ ಆ ದಿನ ನೆನಪಾಗುತ್ತೆ ಅಂತ..."

"ನೆನಪಾಗುತ್ತಾ!" ಸರಿಂತೆನ್ ಕೂಗಿದಳು. "ದಿನಾ ಬೆಳಿಗ್ಗೆ ಎದ್ದು ಕಾಲು ಲೆಕ್ಕ ಹಾಕಿದ್ರೆ ಒಂದೇ ಸಿಗುತ್ತೆ, ಆಗ ನೆನಪಾಗಲ್ವಾ? ಮತ್ತೆ ಯಾಕೆ ಹಾಳು ಹಂಡೆ ತಗೊಂಡ್ ಹೋಗ್ತಿದ್ರಿ? ಊರಲ್ಲಿ ಬೇರೆ ಇಲ್ವಾ?"

"ನಮ್ಮನೇಲೇ ಎರಡಿದೆ ಯೂ" ಎಂದಳು ತುಮಿರಾ. "ನಿನ್ನನ್ನ ಕರೆಯೋಕೆ ಯಾರಿಗೂ ಬಾಯಿ ಬರ್ತಿರಲಿಲ್ಲ. ಕರೆದ್ರೆ ನಿನಗೆ ಕಷ್ಟ. ಏನೂ ಕೇಳದೇ ಬಿಟ್ರೆ ನೊಂದ್ಕೋತೀಯ. ಅದಕ್ಕೆ ಹಂಡೇನಾದ್ರೂ ಕೇಳೋಣ ಅಂತ ಎಲ್ಲರೂ ಮಾತಾಡ್ಕೊಂಡ್ವಿ."

"ಅದಕ್ಕೋಸ್ಕರ ಮೂರು ಮದುವೇಲಿ ಅರೆಬೆಂದ ಅನ್ನ ತಿಂದ್ರಾ?"

"ತಿಂದ್ವಿ. ನಮ್ಮನೆಯವರಿಗೆ ಎರಡು ದಿನ ಹೊಟ್ಟೆನೋವು" ಎಂದಳು ಜೆಮಿಯೆಮ್.

"ಹಾಗಾದ್ರೆ ಈ ಹೂವು, ಮೊಟ್ಟೆ? ಅಕ್ಕಿ ಮುನಿಸಿಕೊಂಡಿದೆ ಅಂದ್ಯಲ್ಲ?"

"ನೀನು ಎದುರಿಗೇ ಮಹಾರಾಣಿ ಹಾಗೆ ಕೂತಿದ್ರೆ ಹಂಡೆ ಸೊಟ್ಟ ಅನ್ನೋಕಾಗುತ್ತಾ? ಅಕ್ಕಿ ಮೇಲೆ ಹಾಕಿದೆ. ಅಕ್ಕಿ ಏನು ವಾಪಸ್ ಜಗಳಕ್ಕೆ ಬರುತ್ತಾ? ತುಮಿರಾ ಆಗ್ಲೇ ಕೊಟ್ಟಿಗೆ ಹಿಂದೆ ಇನ್ನೊಂದು ಹಂಡೇಲಿ ಕದ್ದು ಬೇಯಿಸ್ತಿದ್ದಾಳೆ."

ಸರಿಂತೆನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ದಾಕ್ಷಿಣ್ಯಕ್ಕೆ ಎರಡು ವರ್ಷ ನುಚ್ಚಕ್ಕಿ ತಿಂದ ಮೂವತ್ತು ಮೂರ್ಖ ಹೆಂಗಸರು! ತಾನು ಅವರಿಗಿಂತ ದೊಡ್ಡ ಮೂರ್ಖಳು. ಅಳು ಬರುತ್ತದೆ ಎಂದುಕೊಂಡಳು, ಆದರೆ ಬಾಯಿಂದ ಬಂದಿದ್ದು ನಗು. ಅದನ್ನು ನೋಡಿ ಜೆಮಿಯೆಮ್ ನಕ್ಕಳು. ತುಮಿರಾ ನಗುತ್ತಾ ನಗುತ್ತಾ ಅತ್ತೇಬಿಟ್ಟಳು.

ನಗು ತಗ್ಗುವಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಸೀದ ವಾಸನೆ ಬಂತು.

"ಅಯ್ಯೋ ದೇವರೇ!" ಎಂದು ತುಮಿರಾ ಓಡಿದಳು. ಎಲ್ಲರೂ ಇಲ್ಲಿ ಗುಂಪುಗೂಡಿದ್ದರಿಂದ ಕದ್ದು ಬೇಯುತ್ತಿದ್ದ ಹಂಡೆಯಲ್ಲಿ ನೀರು ಇಂಗಿ ಅನ್ನವೆಲ್ಲ ಸೀದುಹೋಗಿತ್ತು.

"ಕೂತ್ಕೊಳ್ರೇ ಎಲ್ಲಾ" ಎಂದಳು ಸರಿಂತೆನ್, ಮಣೆಯನ್ನು ತನ್ನ ಕೆಳಗೆ ಎಳೆದುಕೊಳ್ಳುತ್ತಾ. "ಗಂಡಿನ ಕಡೆಯವರು ಬರೋದ್ರೊಳಗೆ ನಾಲ್ಕು ಸಲ ಇಳಿಸ್ತೀನಿ. ಸೌದೆ ಕೊಡಿ."

ನಾಲ್ಕಲ್ಲ, ಐದು ಸಲ ಇಳಿಸಿದಳು. ಒಲೆಯ ಮುಂದೆ ಎಲ್ಲರೂ ಗಿಡ್ಡ ಮಣೆಗಳ ಮೇಲೆ ಸರೋಂಗು ಹರಡಿಕೊಂಡು ಕೂತಿರುವುದರಿಂದ ಅಲ್ಲಿ ಯಾರೂ ಎತ್ತರವಲ್ಲ, ಯಾರೂ ಕುಳ್ಳರಲ್ಲ. ಯಾರಿಗೆ ಎಷ್ಟು ಕಾಲು ಎಂದು ಎಣಿಸುವ ಪುರುಸೊತ್ತೂ ಇರಲಿಲ್ಲ. ನೀರು ಬೇಕಾದಾಗ ಒಮ್ಮೆ ಯಾರನ್ನೂ ಕೇಳದೆ ಗುಡಾಣದವರೆಗೆ ತೆವಳಿಕೊಂಡು ಹೋಗಿಬಂದಳು. ಒಬ್ಬಳು ತಲೆಯೆತ್ತದೆ ತನ್ನ ಬುಟ್ಟಿಯನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಳು, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅಲಂಕಾರ ಮಾಡಿಸಿಕೊಳ್ಳುತ್ತಿದ್ದ ಪುರ್ವಂತಿ, ಮುಖಕ್ಕೆ ಅರ್ಧ ಬಣ್ಣ ಬಳಿದುಕೊಂಡೇ ಹಿಂಬಾಗಿಲಿಗೆ ಬಂದು ಬಾಯಿ ತೆರೆದು ನಿಂತಳು. ಸರಿಂತೆನ್ ಚಿಟಿಕೆ ಬಿಸಿ ಅನ್ನಕ್ಕೆ ಉಪ್ಪು ಸವರಿ, ಉಂಡೆ ಕಟ್ಟಿ, ತುಟಿಯ ಬಣ್ಣ ತಾಕದ ಹಾಗೆ ಒಳಗೆ ಹಾಕಿದಳು.

"ಲೇ ತೆನ್, ಉಪ್ಪಿನ ಡಬ್ಬಿ ನಿನ್ನ ಅಪ್ಪನ ಮನೇದಾ? ಈ ಕಡೆ ಕೊಡು" ಎಂದು ಜೆಮಿಯೆಮ್ ಗದರಿದಳು. ಎರಡು ವರ್ಷದಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ. ಸರಿಂತೆನ್ ಡಬ್ಬಿ ಕೊಡುವುದನ್ನು ಸ್ವಲ್ಪ ತಡ ಮಾಡಿದಳು, ಇನ್ನೊಂದು ಸಲ ಬೈಯಲಿ ಎಂದು.

ಸಂಜೆ ಬೀಗರು ಉಂಡು ಹೋದ ಮೇಲೆ, ಬರಲಾಗದವರ ಮನೆಗಳಿಗೆ ಬುಟ್ಟಿ ತುಂಬುವ ಕೆಲಸ ಶುರುವಾಯಿತು. ಜೆಮಿಯೆಮ್ ಒಂದೊಂದೇ ಬುಟ್ಟಿ ಎತ್ತಿ ಹೆಸರು ಹೇಳುತ್ತಿದ್ದಳು. ತುಮಿರಾ ಅನ್ನ ಹಾಕುತ್ತಿದ್ದಳು. ಬಾವಿಕಟ್ಟೆಯ ಮುದುಕಿಗೆ ಒಂದು. ಜ್ವರದಲ್ಲಿ ಮಲಗಿರುವ ಬಡಗಿಯ ಮನೆಗೆ ಒಂದು. ಹೋದ ವಾರ ಸಾವಾದ ಮನೆಗೆ ಒಂದು. ಬೂದಿ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸರಿಂತೆನ್ ಕೇಳುತ್ತಾ ಕೂತಿದ್ದಳು. ಗೇಟಿನ ಹತ್ತಿರ ಮರ್ಸುದಿಯ ಗಾಡಿ ಬಂದು ನಿಂತ ಸದ್ದಾಯಿತು.

"ಸರಿಂತೆನ್ ಮನೆಗೆ ಒಂದು" ಎಂದಳು ಜೆಮಿಯೆಮ್, ಎರಡು ವರ್ಷದ ರೂಢಿಯಲ್ಲಿ.

ತುಮಿರಾ ಸೌಟು ಎತ್ತಿದ್ದು ಅಲ್ಲೇ ನಿಲ್ಲಿಸಿದಳು. "ಅವಳಿಗ್ಯಾಕೆ ಬುಟ್ಟಿ? ಅವಳು ಬಂದಿದ್ದಾಳಲ್ಲ."

"ಹೌದಲ್ವಾ" ಎಂದು ಜೆಮಿಯೆಮ್ ಆ ಬುಟ್ಟಿಯನ್ನು ಪಕ್ಕಕ್ಕಿಟ್ಟು ಮುಂದಿನ ಹೆಸರಿಗೆ ಹೋದಳು.

ಸರಿಂತೆನ್ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಹಾಳು ಹೊಗೆ" ಎಂದಳು. ಒಲೆ ಆರಿ ಬಹಳ ಹೊತ್ತಾಗಿತ್ತು.